ಮೂರು ಕೂಡಿದರೆ ಮಾಯವಾಗುವ ಆಟಗಳು

ಬೇತಮಂಗಲದ ಕೆರೆಯ ಏರಿಯ ಮೇಲೆ ಸಾಯಂಕಾಲ ವಾಯುಸೇವನೆಗೆ ಹೋಗುವ ನಾವು ಈಚೆಗೆ ಒಂದು ವಿಶೇಷವನ್ನು ಕಾಣುತ್ತಿದ್ದೇವೆ. ಅಲ್ಲಿ ಕುಳಿತವರಲ್ಲಿ ಪಾಲಾರಿನ ನೀರನ್ನು ನೋಡುವವರು ಕಡಮೆ. ಕೈಯ ಮೊಬೈಲಿನಲ್ಲಿ ಬಣ್ಣದ ಮಿಠಾಯಿಗಳನ್ನು ಅತ್ತಿತ್ತ ಸರಿಸುವವರೇ ಹೆಚ್ಚು. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಉದ್ಯೋಗಸ್ಥರಲ್ಲಿ ಅನೇಕರದೂ ಇದೇ ವಿನೋದ. ಮನೆಯೊಳಕ್ಕೆ ಬಂದು ಸೇರಿದ ಈ ಆಟಗಳ ಗುಣದೋಷಗಳನ್ನು ಗೃಹಸ್ಥರು ಅರಿತಿರುವುದು ಯುಕ್ತವೆಂದು ಭಾವಿಸಿ, ಸ್ವತಃ ಆಡಿ ನೋಡಿ, ನಾಲ್ಕು ಮಾತು ಬರೆಯುತ್ತೇವೆ.

ಇವುಗಳ ತತ್ತ್ವವು ಒಂದೇ. ಪಕ್ಕಪಕ್ಕದ ಎರಡು ಕಾಯಿಗಳನ್ನು ಅದಲುಬದಲು ಮಾಡಿ, ಒಂದೇ ಬಣ್ಣದ ಮೂರನ್ನು ಸಾಲುಗೂಡಿಸಿದರೆ ಅವು ಮಾಯವಾಗುವುವು. ಮೇಲಿನವು ಕೆಳಕ್ಕಿಳಿದು, ಹೊಸವು ಬಂದು ತುಂಬುವುವು. ನಮ್ಮ ಸಾಲುಮನೆಯ ಆಟದಲ್ಲಿಯೂ ಮೂರು ಕಾಯಿ ಸಾಲುಗೂಡಿದರೇ ಫಲ. ಆದರೆ ಅಲ್ಲಿ ಎದುರಿಗೆ ಮನುಷ್ಯನೊಬ್ಬನಿರುವನು. ಊಟಕ್ಕೆ ಕರೆದರೆ ಇಬ್ಬರೂ ಏಳುವರು. ಇಲ್ಲಿ ಎಬ್ಬಿಸುವವರಿಲ್ಲ.

೧೯೯೪ರಲ್ಲಿ ರಷ್ಯಾ ದೇಶದಲ್ಲಿ ಹುಟ್ಟಿದ ‘ಶಾರಿಕಿ’ ಎಂಬುದು ಈ ವಂಶದ ಹಿರಿಯದು. ೨೦೦೧ರ ‘ಬಿಜ್ಯುವೆಲ್ಡ್’ ಅದನ್ನು ಲೋಕಪ್ರಸಿದ್ಧಗೊಳಿಸಿತು. ಎಂಟೆಂಟು ಮನೆಗಳ ಹಾಸಿನಲ್ಲಿ ರತ್ನಗಳನ್ನು ಜೋಡಿಸುವುದು ಇದರ ಕ್ರಮ. ಇದರ ಮೂಲ ವಿಧಾನದಲ್ಲಿ ಕಾಲದ ಮಿತಿಯಿಲ್ಲ, ನಡೆಗಳ ಲೆಕ್ಕವಿಲ್ಲ. ಜೋಡಿಸಲು ಏನೂ ಉಳಿಯದಾಗ ಆಟವು ತಾನೇ ಮುಗಿಯುವುದು. ವೃದ್ಧರಿಗೆ ಇದೇ ಹಿತವೆಂದು ನಮ್ಮ ಅಭಿಪ್ರಾಯ.

೨೦೧೨ರಲ್ಲಿ ಬಂದ ‘ಕ್ಯಾಂಡಿ ಕ್ರಷ್’ ಹೆಚ್ಚು ಚತುರವಾದುದು. ನಾಲ್ಕು ಕೂಡಿಸಿದರೆ ಸಾಲನ್ನೇ ಅಳಿಸುವ ಪಟ್ಟೆಯ ಮಿಠಾಯಿ, ಐದನ್ನು ನೇರಸಾಲಿನಲ್ಲಿ ಕೂಡಿಸಿದರೆ ಒಂದು ಬಣ್ಣವನ್ನೆಲ್ಲ ನಿರ್ಮೂಲಮಾಡುವ ಗುಂಡು. ಆದಕಾರಣ ಮುಂದಾಲೋಚನೆಗೆ ಅವಕಾಶವುಂಟು. ಆದರೆ ಇಲ್ಲಿ ನಡೆಗಳು ಎಣಿಕೆಯವು. ಸಾಮಾನ್ಯವಾಗಿ ಐದು ಜೀವಗಳು. ಸೋತರೆ ಒಂದು ಹೋಗುವುದು, ಅದು ಮರಳಲು ಅರ್ಧ ಗಂಟೆ ಬೇಕು. ಹೆಚ್ಚಿನ ನಡೆ ಬೇಕಾದರೆ ಚಿನ್ನದ ಗಟ್ಟಿ ತೆರಬೇಕು; ಆ ಗಟ್ಟಿಯನ್ನು ನಿಜವಾದ ಹಣಕ್ಕೂ ಮಾರುವರು. ನಮ್ಮ ಕೆರೆಯ ನೀರು ಕುಡಿದು ಜನರು ನೆಲದಾಳದಿಂದ ಚಿನ್ನ ತೆಗೆದ ಕೋಲಾರದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಈಗ ತೂಕವಿಲ್ಲದ ಚಿನ್ನವನ್ನು ಇದೇ ಸೀಮೆಯವರು ಕೊಳ್ಳಬಹುದಾಗಿರುವುದು ಕಾಲವೈಚಿತ್ರ್ಯವೇ ಸರಿ.

೨೦೧೬ರ ‘ಗಾರ್ಡನ್‌ಸ್ಕೇಪ್ಸ್’, ೨೦೨೧ರ ‘ರಾಯಲ್ ಮ್ಯಾಚ್’ ಇವುಗಳಲ್ಲಿ ಗೆದ್ದ ನಕ್ಷತ್ರಗಳಿಂದ ಕ್ರಮವಾಗಿ ತೋಟವನ್ನೂ ಅರಮನೆಯನ್ನೂ ಅಲಂಕರಿಸಬೇಕು. ಕಥೆಯ ಎಳೆಯಿರುವುದರಿಂದ ಬಾಲಕರಿಗೆ ರುಚಿ ಹೆಚ್ಚು. ಬಿಡುವುದೂ ಅಷ್ಟೇ ಕಷ್ಟ.

ಏಕೆ ಕಷ್ಟವೆಂಬುದನ್ನು ನಾವು ಅನುಭವದಿಂದ ಹೇಳಬಲ್ಲೆವು. ಗೆಲುವಿಗೆ ಒಂದೇ ನಡೆ ಉಳಿದಿರುವಂತೆ ಸೋತಾಗ ಮತ್ತೊಮ್ಮೆ ಆಡುವ ಆಸೆ ಇಮ್ಮಡಿಯಾಗುವುದು. ಕಳೆದ ಮಳೆಗಾಲದ ಒಂದು ರಾತ್ರಿ, ಜ್ವರದಿಂದ ಮಲಗಿದ್ದ ನಮ್ಮ ಮನೆಯವರು ನೀರು ಕೇಳಿದರು. “ಇದೊಂದು ಆಟ ಮುಗಿಯಲಿ” ಎಂದೆವು. ಎರಡನೆಯ ಸಲ ಕೇಳಿದಾಗಲೂ ಅದೇ ಉತ್ತರ. ಮೂರನೆಯ ಸಲ ಅವರು ಕೇಳಲಿಲ್ಲ. ಎಂಟು ವರ್ಷದ ಮೊಮ್ಮಗಳು ಎದ್ದು, ಅಡಿಗೆಮನೆಗೆ ಹೋಗಿ, ಲೋಟದಲ್ಲಿ ನೀರು ತಂದು ಅಜ್ಜಿಯ ಕೈಗಿತ್ತಳು. ನಮಗೆ ಏನೂ ಹೇಳಲಿಲ್ಲ. ಋಗ್ವೇದದ ಅಕ್ಷಸೂಕ್ತವನ್ನೂ ನಳನ ಕಥೆಯನ್ನೂ ಹಲವು ವರ್ಷ ಪಾಠ ಹೇಳಿದ ನಮಗೆ ಅಂದು ಅವುಗಳ ಅರ್ಥವಾಯಿತು. ದೋಷವು ಆಟದ್ದಲ್ಲ, ನಮ್ಮದು.

ಕೆಲವು ದಿನಗಳ ತರುವಾಯ ಅದೇ ಮಗುವನ್ನು ಊಟಕ್ಕೆ ಕರೆದಾಗ, “ಇದೊಂದು ಆಟ ಮುಗಿಯಲಿ, ತಾತ” ಎಂದಳು. ಗದರಿಸಲು ನಮಗೆ ಬಾಯಿ ಬರಲಿಲ್ಲ.

ಆದಕಾರಣ ನಮ್ಮ ಮನೆಯಲ್ಲಿ ಮೂರು ನಿಯಮಗಳನ್ನು ಮಾಡಿದ್ದೇವೆ: ಜೀವ ಮುಗಿದರೆ ಆಟ ಮುಗಿಯಿತು; ಪ್ರತಿಯೊಂದು ಖರೀದಿಗೂ ಗುಪ್ತಪದ ಕೇಳುವಂತೆ ಫೋನನ್ನು ಸಿದ್ಧಪಡಿಸುವುದು, ಆ ಪದವನ್ನು ಮಕ್ಕಳಿಗೆ ತಿಳಿಸದಿರುವುದು; ಯಾರಾದರೂ ಕರೆದರೆ ಹಿರಿಯರೇ ಮೊದಲು ಫೋನನ್ನು ಕೆಳಗಿಡುವುದು. ರಾತ್ರಿ ಊಟವಾದ ಬಳಿಕ ಅಂಗಳದಲ್ಲಿ ಸೀಮೆಸುಣ್ಣದಿಂದ ಸಾಲುಮನೆ ಬರೆದು ಮೊಮ್ಮಗಳೊಡನೆ ಹುಣಿಸೆಬೀಜ ನಡೆಸುತ್ತೇವೆ. ಪ್ರಾಯಶಃ ಅವಳೇ ಗೆಲ್ಲುವಳು. ನಡುವೆ ಅವಳ ಅಜ್ಜಿ ನೀರು ಕೇಳಿದರೆ ನಾವೇ ಎದ್ದು ತರುತ್ತೇವೆ. ಹಾಸು ಇದ್ದಂತೆಯೇ ಇರುವುದು.