ನೆಲನೆಲ್ಲಿ ಲಿವರನ್ನು ಕಾಯುತ್ತದೆಯೇ? ಪರೀಕ್ಷೆ ನಡೆಯುವುದು ಹೀಗೆ

ಅರಿಶಿನ ಕಾಮಾಲೆ ಬಂದವರಿಗೆ ನೆಲನೆಲ್ಲಿ ಅರೆದು ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಈ ಗಿಡ ನಿಜಕ್ಕೂ ಲಿವರನ್ನು, ಅಂದರೆ ಯಕೃತ್ತನ್ನು, ಕಾಯುತ್ತದೆಯೇ? ಪ್ರಯೋಗಾಲಯದಲ್ಲಿ ಇದನ್ನು ಹೇಗೆ ನೋಡುತ್ತಾರೆಂದು ತಿಳಿದರೆ, ಇಂಥ ಸುದ್ದಿಗಳನ್ನು ಎಷ್ಟು ನಂಬಬಹುದು ಎಂಬುದು ನಿಮಗೇ ಗೊತ್ತಾಗುತ್ತದೆ.

ಮೊದಲು ಗಿಡದ ಗುರುತು ಖಚಿತವಾಗಬೇಕು. ನೆಲನೆಲ್ಲಿ ಎಂಬ ಒಂದೇ ಹೆಸರಿನಲ್ಲಿ ಫಿಲ್ಲಾಂತಸ್ ಕುಲದ ಹಲವು ಗಿಡಗಳು ಮಾರಾಟವಾಗುತ್ತವೆ. ಹಾಗಾಗಿ ಸಸ್ಯತಜ್ಞರು ನೋಡಿ ಹೇಳಿದ ಮೇಲೆ ಒಂದು ಮಾದರಿಯನ್ನು ಹರ್ಬೇರಿಯಂನಲ್ಲಿ, ಅಂದರೆ ಒಣಸಸ್ಯಗಳ ಸಂಗ್ರಹದಲ್ಲಿ, ಇಡುತ್ತಾರೆ. ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ಸಾರ ಇಳಿಸುತ್ತಾರೆ. ದ್ರವ ಆವಿಯಾದ ಮೇಲೆ ಉಳಿಯುವುದೇ ಎಕ್ಸ್‌ಟ್ರಾಕ್ಟ್. ನೀರಿಗೆ ಇಳಿಯುವ ಅಂಶಗಳೇ ಬೇರೆ, ಆಲ್ಕೋಹಾಲಿಗೆ ಇಳಿಯುವವೇ ಬೇರೆ. ಆಲ್ಕೋಹಾಲ್ ಸಾರ ಫಲ ಕೊಟ್ಟರೆ ಮನೆಯ ಕಷಾಯವೂ ಕೊಡುತ್ತದೆ ಎನ್ನುವಂತಿಲ್ಲ.

ಮುಂದಿನ ಹಂತ ಇಲಿಗಳ ಮೇಲೆ. ಇದಕ್ಕೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ಸಾಮಾನ್ಯವಾಗಿ ಗುಂಪಿಗೆ 6 ಇಲಿಗಳು. ಒಂದು ಗುಂಪಿಗೆ ಯಕೃತ್ತಿಗೆ ಹಾನಿ ಮಾಡುವ ವಿಷವನ್ನಾಗಲಿ ಸಾರವನ್ನಾಗಲಿ ಕೊಡುವುದಿಲ್ಲ. ಒಂದಕ್ಕೆ ವಿಷ ಮಾತ್ರ. ಒಂದಕ್ಕೆ ವಿಷದ ಜೊತೆ ಸಿಲಿಮರಿನ್. ಮಿಲ್ಕ್ ಥಿಸಲ್ ಎಂಬ ಗಿಡದ ಬೀಜದಿಂದ ತೆಗೆದ ಇದನ್ನು ಹೋಲಿಕೆಗೆ ಬಳಸುತ್ತಾರೆ. ಉಳಿದ ಗುಂಪುಗಳಿಗೆ ವಿಷ ಮತ್ತು ಬೇರೆ ಬೇರೆ ಪ್ರಮಾಣದ ಸಾರ. ವಿಷವೆಂದರೆ ಹೆಚ್ಚಾಗಿ ಕಾರ್ಬನ್ ಟೆಟ್ರಾಕ್ಲೋರೈಡ್, ಇಲ್ಲವೇ ವಿಪರೀತ ಪ್ರಮಾಣದ ಪ್ಯಾರಸಿಟಮಾಲ್.

ಆಮೇಲೆ ರಕ್ತ ಪರೀಕ್ಷೆ. ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಕಿಣ್ವಗಳು ಇರಬೇಕಾದದ್ದು ಜೀವಕೋಶದ ಒಳಗೆ. ಕೋಶ ಹರಿದರೆ ರಕ್ತಕ್ಕೆ ಸೋರುತ್ತವೆ, ಅಂಕಿ ಏರುತ್ತದೆ. ಸಾರ ಕೊಟ್ಟ ಗುಂಪಿನಲ್ಲಿ ಏರಿಕೆ ಕಡಿಮೆಯಾಗಿದ್ದು, ಯಕೃತ್ತಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸತ್ತ ಕೋಶಗಳೂ ಕಡಿಮೆ ಇದ್ದರೆ 'ರಕ್ಷಣೆ ಸಿಕ್ಕಿದೆ' ಎನ್ನುತ್ತಾರೆ.

ಹಾಗಾದರೆ ನಾವು ಕುಡಿಯಬಹುದಲ್ಲ ಎಂದು ನೀವು ಕೇಳಬಹುದು. ಇಲ್ಲಿ ತುಸು ತಾಳ್ಮೆ ಬೇಕು. ಇಂಥ ಎಷ್ಟೋ ಪ್ರಯೋಗಗಳಲ್ಲಿ ಸಾರವನ್ನು ವಿಷಕ್ಕಿಂತ ಮೊದಲೇ ಕೊಟ್ಟಿರುತ್ತಾರೆ. ನಾವು ಔಷಧಿ ಹುಡುಕುವುದು ಕಾಯಿಲೆ ಬಂದ ಮೇಲೆ. ಇನ್ನೂ ಮುಖ್ಯವಾದದ್ದೊಂದಿದೆ. ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟು ಹಾನಿ ಮಾಡುವುದಿಲ್ಲ. ಯಕೃತ್ತಿನದೇ ಒಂದು ಕಿಣ್ವ ಅದನ್ನು ಘಾತಕ ಕಣವಾಗಿ ಬದಲಿಸುತ್ತದೆ. ಸಾರ ಆ ಕಿಣ್ವವನ್ನು ತಡೆದರೂ ಸಾಕು, ಇಲಿ ಪಾರಾಗುತ್ತದೆ. ವೈರಸ್‌ನಿಂದ ಬಂದ ಕಾಮಾಲೆಗೆ ಅದರಿಂದ ಪ್ರಯೋಜನವಿಲ್ಲ. ಪ್ರಮಾಣವನ್ನೂ ನೋಡಿ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಕೊಟ್ಟಿದ್ದರೆ, ರೂಢಿಯ ಲೆಕ್ಕದಂತೆ 60 ಕಿಲೋ ತೂಕದವರಿಗೆ ಸುಮಾರು 2 ಗ್ರಾಂ ಒಣ ಸಾರ ಬೇಕು. ಚಿಟಿಕೆ ಪುಡಿ ಅದಕ್ಕೆ ಸಾಟಿಯಲ್ಲ.

ನೆಲನೆಲ್ಲಿ ಮನುಷ್ಯರ ಮೇಲಿನ ಪರೀಕ್ಷೆಗೂ ಬಂದಿದೆ. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನದಲ್ಲಿ, ಹೆಪಟೈಟಿಸ್ ಬಿ ವೈರಸ್ ಹೊತ್ತಿದ್ದು ನೆಲನೆಲ್ಲಿ ಪಡೆದ 37 ಮಂದಿಯ ಪೈಕಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಮಾಯವಾಗಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಥಾಯ್ಲೆಂಡ್ ಮೊದಲಾದೆಡೆ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ.

ಗಿಡಮೂಲಿಕೆಯಿಂದ ಅಪಾಯವಿಲ್ಲ ಎಂದುಕೊಳ್ಳಬೇಡಿ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ.

ನಿಮ್ಮ ಯಕೃತ್ತಿನ ಸ್ಥಿತಿ ತಿಳಿಯಲು ಎಲ್‌ಎಫ್‌ಟಿ, ಅಂದರೆ ಲಿವರ್ ಫಂಕ್ಷನ್ ಟೆಸ್ಟ್, ಮಾಡಿಸಿ. ಖಾಸಗಿ ಲ್ಯಾಬಿನಲ್ಲಿ ಕೆಲವು ನೂರು ರೂಪಾಯಿ ಆಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಖರ್ಚು ಇನ್ನೂ ಕಡಿಮೆ. ಕಣ್ಣು ಹಳದಿಯಾಗಿ ಮೂತ್ರ ಗಾಢವಾದರೆ ಅಂದೇ ವೈದ್ಯರ ಬಳಿ ಹೋಗಿ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಾಮಾಲೆ ಬರುತ್ತದೆ, ಅದಕ್ಕೆ ಯಾವ ಸಾರವೂ ಮದ್ದಲ್ಲ. ಮಾತಿನಲ್ಲಿ ತಡವರಿಕೆ, ಮಂಪರು ಕಂಡರೆ ತುರ್ತು ಚಿಕಿತ್ಸೆ ಬೇಕು. ನಾಟಿ ಔಷಧಿ ತೆಗೆದುಕೊಂಡಿದ್ದರೆ ಮುಚ್ಚಿಡದೆ, ಅದರ ಪೊಟ್ಟಣವನ್ನೂ ಜೊತೆಗೆ ಒಯ್ದು ತೋರಿಸಿ.