ಚೋರನೂರಿನ ಚೋರನಿಗೆ 51 ಪಾಯಿಂಟು: ರೋಗ್ ಆಡೋರು ಕಾಂಬ್ಯಾಟ್ ಟ್ಯಾಲೆಂಟ್ ಆರಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಹೋದ ವಾರ ಸಂಡೂರು ತಾಲ್ಲೂಕಿನ ಚೋರನೂರಿನಿಂದ ಒಂದು ವಾಯ್ಸ್ ನೋಟ್ ಬಂದಿತ್ತು. ಹುಡುಗ ಆಡೋದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್. ಆರಿಸಿರೋ ಪಾತ್ರ ರೋಗ್, ಅಂದ್ರೆ ಕಳ್ಳ. "ಅಣ್ಣಾ, ಊರ ಹೆಸರಲ್ಲೇ ಚೋರ ಅದಾನ, ಇನ್ನ್ಯಾವ ಕ್ಲಾಸ್ ತಗೊಳ್ಳಿ?" ಅಂತ ಅವನೇ ನಗ್ತಾನೆ. ಆಮೇಲೆ ದನಿ ಸ್ವಲ್ಪ ಇಳಿಯುತ್ತೆ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಸಿಗೋದು ಎರಡು ತಾಸು. ಲೆವೆಲ್ 44ಕ್ಕೆ ಬಂದಿದ್ದಾನೆ. ಒಂದು ಶತ್ರುವನ್ನ ಹೊಡೆದ್ರೆ ಅರ್ಧ ಜೀವ ಹೋಗಿರುತ್ತೆ, ಕೂತು ರೊಟ್ಟಿ ತಿನ್ಬೇಕು, ಎದ್ದು ಇನ್ನೊಂದನ್ನ ಹೊಡೀಬೇಕು. ಈ ತಿಂಗಳ ಚಂದಾ ಮುಗಿದ ಮೇಲೆ ಮತ್ತೆ ದುಡ್ಡು ಕಟ್ಲಾ, ಇಲ್ಲಾ ಬಿಟ್ಟುಬಿಡ್ಲಾ? ಇದು ಅವನ ಪ್ರಶ್ನೆ.

ಜೊತೆಗೆ ಟ್ಯಾಲೆಂಟ್ ಪುಟದ ಸ್ಕ್ರೀನ್‌ಶಾಟ್ ಕಳಿಸಿದ್ದ. ಉತ್ತರ ಅದರಲ್ಲೇ ಇತ್ತು. ಒಟ್ಟು 35 ಪಾಯಿಂಟು. ಅಸಾಸಿನೇಶನ್‌ಗೆ 12, ಕಾಂಬ್ಯಾಟ್‌ಗೆ 12, ಸಟ್ಲ್‌ಟಿಗೆ 11. ಮೂರು ಮಕ್ಕಳಿಗೆ ಹೊಲ ಹಂಚಿದ ಹಾಗೆ. ಹೊಲಕ್ಕೆ ಅದು ನ್ಯಾಯ, ಇಲ್ಲಿ ಅಲ್ಲ.

ಗೊತ್ತಿಲ್ದೇ ಇರೋರಿಗೆ ಬೇಗ ಹೇಳ್ತೀನಿ. ಈ ಆಟ ಮೊದಲು ಬಂದಿದ್ದು 2004ರ ನವೆಂಬರ್‌ನಲ್ಲಿ. ಆ ಹಳೇ ರೂಪವನ್ನೇ ಬ್ಲಿಝಾರ್ಡ್ ಕಂಪನಿ 2019ರ ಆಗಸ್ಟ್‌ನಲ್ಲಿ ಕ್ಲಾಸಿಕ್ ಅಂತ ಮತ್ತೆ ತಂತು. ಲೆವೆಲ್ 10ರಿಂದ ಪ್ರತಿ ಲೆವೆಲ್‌ಗೂ ಒಂದು ಟ್ಯಾಲೆಂಟ್ ಪಾಯಿಂಟು ಸಿಗುತ್ತೆ, 60ಕ್ಕೆ ನಿಲ್ಲುತ್ತೆ. ಒಟ್ಟು 51. ರೋಗ್‌ಗೆ ಮೂರು ಮರಗಳಿವೆ: ವಿಷ ಮತ್ತು ದೊಡ್ಡ ಏಟಿನ ಅಸಾಸಿನೇಶನ್, ಎದುರಾಎದುರು ಕತ್ತಿ ಬೀಸೋ ಕಾಂಬ್ಯಾಟ್, ಅಡಗಿ ಕೂರೋ ಸಟ್ಲ್‌ಟಿ. ಹೊಸ ಆವೃತ್ತಿ ಆಡೋರಿಗೆ ಕಾಂಬ್ಯಾಟ್ ಅನ್ನೋ ಹೆಸರು ಕಾಣಲ್ಲ, 2016ರಲ್ಲಿ ಲೀಜನ್ ಬಂದಾಗ ಅದು ಔಟ್‌ಲಾ ಆಯ್ತು. ನಾನು ಇವತ್ತು ಮಾತಾಡೋದು ಹಳೇ ಲೆಕ್ಕ.

ಮರದಲ್ಲಿ ಮೇಲಿಂದ ಕೆಳಗೆ ಇಳೀತಾ ಹೋಗ್ಬೇಕು. ಮೊದಲ ಸಾಲಲ್ಲಿ 5 ಪಾಯಿಂಟು ಹಾಕಿದ್ರೆ ಎರಡನೇದು ತೆರೆಯುತ್ತೆ, 10 ಹಾಕಿದ್ರೆ ಮೂರನೇದು, ಹೀಗೆ. ಭಾರೀ ವಸ್ತುಗಳೆಲ್ಲ ಕೆಳಗಿವೆ. 21ನೇ ಪಾಯಿಂಟಿಗೆ ಬ್ಲೇಡ್ ಫ್ಲರಿ, 31ನೇದಕ್ಕೆ ಅಡ್ರಿನಲಿನ್ ರಶ್. ಮೂರೂ ಮರಕ್ಕೆ 12-12 ಹಂಚಿದೋನು ಮೂರೂ ಕಡೆ ಬಾಗಿಲಲ್ಲೇ ನಿಂತಿರ್ತಾನೆ. ನಮ್ಮ ಹುಡುಗನ ರೊಟ್ಟಿ ಖರ್ಚಿಗೆ ಇದೇ ಕಾರಣ.

ಹಾಗಾದ್ರೆ ಕಾಂಬ್ಯಾಟೇ ಯಾಕೆ? ಮೂರರಲ್ಲಿ ಅದೇ ಶ್ರೇಷ್ಠ ಅಂತ ಅಲ್ಲ. ಒಬ್ಬನೇ ಆಡೋನಿಗೆ, ಅದರಲ್ಲೂ ನಮ್ಮ ಕಡೆ ಫೋನಿನ ಹಾಟ್‌ಸ್ಪಾಟ್ ಇಟ್ಕೊಂಡು ಆಡೋನಿಗೆ ಅದು ಹೊಂದುತ್ತೆ. ಈ ಆಟಕ್ಕೆ ಇಂಡಿಯಾದಲ್ಲಿ ಸರ್ವರ್ ಇಲ್ಲ. ಯುರೋಪಿಗೋ ಆಸ್ಟ್ರೇಲಿಯಾ ಕಡೆಗೋ ಹೋಗ್ಬೇಕು, 150 ಮಿಲಿಸೆಕೆಂಡಿಗಿಂತ ಮೇಲಿನ ಪಿಂಗ್ ಮಾಮೂಲಿ. ಮೇಲೆ ಗುಡ್ಡದ ಮರೆ, ಮಳೆ ಬಂದ್ರೆ ಟವರ್ ತೂಕಡಿಕೆ. ಈಗ ನೋಡ್ರಿ, ಬಾಕು ಹಿಡಿಯೋ ರೋಗ್‌ನ ಮುಖ್ಯ ಏಟು ಬ್ಯಾಕ್‌ಸ್ಟ್ಯಾಬ್. ಹೆಸರೇ ಹೇಳೋ ಹಾಗೆ ಶತ್ರುವಿನ ಬೆನ್ನ ಹಿಂದೆ ಇರ್ಬೇಕು, 60 ಎನರ್ಜಿ ಬೇಕು. ಒಬ್ಬನೇ ಹೊಡೀವಾಗ ಶತ್ರು ನಿಮ್ಮ ಮುಖವನ್ನೇ ನೋಡ್ತಿರ್ತಾನಲ್ಲ! ಅವನನ್ನ ಮಂಕು ಮಾಡಿ, ಹಿಂದಕ್ಕೆ ಓಡಿ, ಚುಚ್ಚಬೇಕು. ನಿಮ್ಮ ಪರದೆಯಲ್ಲಿ ನೀವು ಹಿಂದೆ ಇದ್ದೀರಿ, ಸರ್ವರ್ ಲೆಕ್ಕದಲ್ಲಿ ಇನ್ನೂ ಪಕ್ಕದಲ್ಲೇ ಇದ್ದೀರಿ. ಏಟು ಬೀಳಲ್ಲ. ಕಾಂಬ್ಯಾಟ್‌ನ ಸಿನಿಸ್ಟರ್ ಸ್ಟ್ರೈಕ್‌ಗೆ ಹಿಂದೆ ಮುಂದೆ ಏನೂ ಇಲ್ಲ. ಎದುರಿಗೆ ನಿಂತು ಒತ್ತೋದು. ನಿಮ್ಮ ಡ್ಯಾಮೇಜಿನ ದೊಡ್ಡ ಪಾಲು ಎರಡೂ ಕೈ ತಾವಾಗೇ ಬೀಸೋ ಏಟಿನಿಂದ ಬರುತ್ತೆ, ಅದು ಸರ್ವರ್‌ನಲ್ಲೇ ನಡೆಯುತ್ತೆ, ನಿಮ್ಮ ನೆಟ್‌ವರ್ಕ್ ಅರೆಗಳಿಗೆ ತಡವಾದ್ರೂ ಕೈ ನಿಲ್ಲಲ್ಲ.

ಈಗ ನನ್ನ ಇಷ್ಟದ ಭಾಗ. ಬಿಕಾಂ ಓದಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಗ್ಲಿ.

ಮೊದಲ ಸಾಲಲ್ಲಿ ಇಂಪ್ರೂವ್ಡ್ ಸಿನಿಸ್ಟರ್ ಸ್ಟ್ರೈಕ್ ಇದೆ. ಬೆಲೆ ಎರಡೇ ಪಾಯಿಂಟು. ಏಟಿನ ಖರ್ಚು 45 ಎನರ್ಜಿಯಿಂದ 40ಕ್ಕೆ ಇಳಿಯುತ್ತೆ. ಐದು ಎನರ್ಜಿ ಉಳಿತಾಯ, ಇದೇನು ಮಹಾ ಅನ್ಸುತ್ತೆ. ಎನರ್ಜಿ ಎರಡು ಸೆಕೆಂಡಿಗೆ 20ರಂತೆ ಬರುತ್ತೆ, ಅಂದ್ರೆ ನಿಮಿಷಕ್ಕೆ 600. 45ರ ದರದಲ್ಲಿ ನಿಮಿಷಕ್ಕೆ 13 ಏಟು ಆಗಿ ಸ್ವಲ್ಪ ಉಳಿಯುತ್ತೆ, 40ರ ದರದಲ್ಲಿ ಸರಿಯಾಗಿ 15. ಎಂಟನೇ ಒಂದು ಭಾಗ ಹೆಚ್ಚು ಏಟು, ಎರಡು ಪಾಯಿಂಟಿಗೆ! ಇಡೀ ಮರದಲ್ಲಿ ಇಷ್ಟು ಅಗ್ಗದ ಸಾಮಾನು ಇನ್ನೊಂದಿಲ್ಲ. ಲೆವೆಲ್ 10, 11ರಲ್ಲೇ ತಗೊಂಡುಬಿಡಿ.

ಎರಡನೇ ಸಾಲಲ್ಲಿ ಪ್ರಿಸಿಶನ್. ಇದನ್ನ ಹೊಸಬರು ಬಿಟ್ಟೇ ಬಿಡ್ತಾರೆ, ಯಾಕಂದ್ರೆ ನೋಡೋಕೆ ಸಪ್ಪೆ: ಒಂದು ಪಾಯಿಂಟಿಗೆ ಏಟು ತಾಗೋ ಸಾಧ್ಯತೆ ಶೇ 1 ಜಾಸ್ತಿ. ಆದ್ರೆ ಎರಡು ಕೈಯಲ್ಲೂ ಆಯುಧ ಹಿಡಿದೋನಿಗೆ ಆಟ ಒಂದು ದಂಡ ಹಾಕುತ್ತೆ. ನಿಮ್ಮದೇ ಲೆವೆಲ್‌ನ ಶತ್ರುವಿನ ಮೇಲೂ ಮಾಮೂಲಿ ಬೀಸು ನೂರರಲ್ಲಿ 24 ಸಲ ಗಾಳಿಗೆ ಹೋಗುತ್ತೆ. ಐದು ಪಾಯಿಂಟು ಹಾಕಿದ್ರೆ 19 ಸಲ. 76 ಏಟು ತಾಗೋ ಕಡೆ 81 ತಾಗುತ್ತೆ. ಸಿನಿಸ್ಟರ್ ಸ್ಟ್ರೈಕ್‌ನಂಥ ವಿಶೇಷ ಏಟಿಗೆ ಈ ದಂಡ ಇಲ್ಲ, ಬರೀ ಶೇ 5 ತಪ್ಪುತ್ತೆ, ಪ್ರಿಸಿಶನ್ ತುಂಬಿದ್ರೆ ಸಮ ಲೆವೆಲ್‌ನ ಶತ್ರು ಮೇಲೆ ಅದೂ ತಪ್ಪಲ್ಲ.

ಪ್ರಿಸಿಶನ್ ತುಂಬಿದ ಮೇಲೆ ಮಾತ್ರ ನಾಲ್ಕನೇ ಸಾಲಿನ ಡ್ಯುಯಲ್ ವೀಲ್ಡ್ ಸ್ಪೆಷಲೈಸೇಶನ್ ತೆರೆಯೋದು. ಎಡಗೈ ಆಯುಧಕ್ಕೆ ಸಿಗೋದು ಅರ್ಧ ಡ್ಯಾಮೇಜ್ ಮಾತ್ರ. ನೂರರ ಏಟಿಗೆ 50. ಐದು ಪಾಯಿಂಟು ಹಾಕಿದ್ರೆ ಅದು 75. ಎಡಗೈಗೆ ಅರ್ಧ ಕೂಲಿ ಕೊಡ್ತಿದ್ದೋರು ಮುಕ್ಕಾಲಿಗೆ ಒಪ್ಪಿದ ಹಾಗೆ.

ಮಧ್ಯೆ ಡಿಫ್ಲೆಕ್ಷನ್ ಮತ್ತು ರಿಪೋಸ್ಟ್ ಅಂತ ಒಂದು ಜೋಡಿ ಇದೆ. ಡಿಫ್ಲೆಕ್ಷನ್ ಐದು ಪಾಯಿಂಟಿನಿಂದ ಶತ್ರುವಿನ ಏಟನ್ನ ಕತ್ತಿಯಲ್ಲೇ ತಡೆಯೋ ಸಾಧ್ಯತೆ ಶೇ 5 ಏರುತ್ತೆ. ಹಾಗೆ ತಡೆದ ಕೂಡ್ಲೇ ರಿಪೋಸ್ಟ್ ಒತ್ತಬಹುದು: ಬರೀ 10 ಎನರ್ಜಿಗೆ ಒಂದೂವರೆ ಪಟ್ಟು ಏಟು, ಮೇಲೆ ಆರು ಸೆಕೆಂಡು ಶತ್ರುವಿನ ಕೈಯಿಂದ ಆಯುಧವೇ ಜಾರುತ್ತೆ. ಒಬ್ಬನೇ ಲೆವೆಲ್ ಏರ್ಸೋನಿಗೆ ಇದು ರೊಟ್ಟಿ ಉಳಿಸೋ ಟ್ಯಾಲೆಂಟು. ರೇಡ್‌ಗೆ ಹೋದ್ರೆ ಆರೂ ಪಾಯಿಂಟು ದಂಡ, ಯಾಕಂದ್ರೆ ಅಲ್ಲಿ ಬಾಸ್ ಹೊಡೀತಿರೋದು ಟ್ಯಾಂಕನ್ನ, ನಿಮ್ಮನ್ನಲ್ಲ. ಟ್ಯಾಲೆಂಟ್ ಒಳ್ಳೇದೋ ಕೆಟ್ಟದ್ದೋ ಅನ್ನೋ ಜಗಳ ಮಾಡೋರು ಅರ್ಧ ಜನ ಈ ವ್ಯತ್ಯಾಸ ಹೇಳೋದೇ ಇಲ್ಲ.

ನಾಲ್ಕನೇ, ಐದನೇ ಸಾಲಲ್ಲಿ ಆಯುಧದ ಪ್ರಶ್ನೆ. ಕತ್ತಿಗೆ ಐದು ಪಾಯಿಂಟು ಹಾಕಿದ್ರೆ ತಾಗಿದ ಏಟಿಗೆ ಶೇ 5 ಸಾಧ್ಯತೆಯಲ್ಲಿ ಇನ್ನೊಂದು ಏಟು ಪುಕ್ಕಟೆ. ಬಾಕು, ಮುಷ್ಟಿ ಆಯುಧಕ್ಕೆ ಶೇ 5 ಕ್ರಿಟಿಕಲ್. ಗದೆಗೆ ಶತ್ರುವನ್ನ ಮರಗಟ್ಟಿಸೋ ಅವಕಾಶ, ಅದು ಆಟಗಾರರ ನಡುವಿನ ಕಾಳಗಕ್ಕೆ ಚೆನ್ನ. ಕೊಡಲಿ ಕೇಳ್ಬೇಡಿ, ಕ್ಲಾಸಿಕ್‌ನಲ್ಲಿ ರೋಗ್‌ಗೆ ಕೊಡಲಿ ಇಲ್ಲ. ನನ್ನ ಸಲಹೆ ಕತ್ತಿ, ಕಾರಣ ಸಿಗೋದು ಸುಲಭ. ಅಲೈಯನ್ಸ್ ಕಡೆಯೋರಿಗೆ ಡೆಡ್‌ಮೈನ್ಸ್‌ನಲ್ಲಿ ಎಡ್ವಿನ್ ವ್ಯಾನ್‌ಕ್ಲೀಫ್ ಹತ್ರ ಕ್ರೂಯೆಲ್ ಬಾರ್ಬ್ ಸಿಗುತ್ತೆ. (ಗಣಿಯನ್ನ ಕಳ್ಳರ ಗುಂಪು ಹಿಡ್ಕೊಂಡು ಕೂತಿರೋ ಕಥೆ ಅದು. ಸಂಡೂರಿನೋರಿಗೆ ನಾನೇನು ಬಿಡಿಸಿ ಹೇಳ್ಲಿ.) ಮುಂದೆ ಮಾರಾಡಾನ್ ಕ್ವೆಸ್ಟ್ ಮುಗಿಸಿದ್ರೆ ಥ್ರಾಶ್ ಬ್ಲೇಡ್ ಬಹುಮಾನ, ಎರಡೂ ಪಕ್ಷಕ್ಕೆ. ನಮ್ಮ ಹುಡುಗ 44ರಲ್ಲಿದ್ದಾನೆ, ಅವನ ಕಣ್ಣು ಈಗ ಅದರ ಮೇಲಿರ್ಬೇಕು.

ಕತ್ತಿ ಆರಿಸೋವಾಗ ಒಂದು ಮಾತು. ಬಲಗೈಗೆ ನಿಧಾನದ ಕತ್ತಿ ಇರ್ಲಿ. ಸಿನಿಸ್ಟರ್ ಸ್ಟ್ರೈಕ್ ಬಲಗೈ ಆಯುಧದ ಒಂದು ಪೂರ್ತಿ ಏಟಿನ ಡ್ಯಾಮೇಜ್ ಎತ್ಕೊಳ್ಳುತ್ತೆ, ನಿಧಾನದ ಕತ್ತಿಯ ಒಂದೊಂದು ಏಟು ದೊಡ್ಡದು. ಎಡಗೈಗೆ ಚುರುಕಿನದು, ಏಟಿನ ಎಣಿಕೆ ಹೆಚ್ಚಿದಷ್ಟೂ ಹಚ್ಚಿರೋ ವಿಷ ಏರೋ ಅವಕಾಶ ಹೆಚ್ಚು. ನಮ್ಮ ಹುಡುಗ ಬಲಗೈಯಲ್ಲಿ ಬಾಕು, ಎಡಗೈಯಲ್ಲಿ ಕತ್ತಿ ಹಿಡಿದಿದ್ದ. ಉಲ್ಟಾ.

ಬ್ಲೇಡ್ ಫ್ಲರಿ ಲೆವೆಲ್ 30ಕ್ಕೇ ಸಿಗುತ್ತೆ. 15 ಸೆಕೆಂಡು ಕೈ ಶೇ 20 ಚುರುಕಾಗುತ್ತೆ, ಒಬ್ಬನಿಗೆ ಹೊಡೆದ ಏಟು ಪಕ್ಕದೋನಿಗೂ ಬೀಳುತ್ತೆ. ಎರಡು ನಿಮಿಷಕ್ಕೊಮ್ಮೆ ಮತ್ತೆ ಸಿದ್ಧ. ಇಬ್ಬರು ಒಟ್ಟಿಗೆ ಮೈಮೇಲೆ ಬಂದ್ರೆ ಇದುವರೆಗೆ ಓಡ್ತಿದ್ರಿ, ಇನ್ಮೇಲೆ ಬರ್ಲಿ ಅಂತ ಕಾಯ್ತೀರಿ. ಲೆವೆಲ್ 40ರ ಅಡ್ರಿನಲಿನ್ ರಶ್ 15 ಸೆಕೆಂಡು ಎನರ್ಜಿಯನ್ನ ಇಮ್ಮಡಿ ವೇಗದಲ್ಲಿ ತುಂಬುತ್ತೆ, ಐದು ನಿಮಿಷಕ್ಕೊಮ್ಮೆ. ಎರಡನ್ನೂ ಒಟ್ಟಿಗೆ ಒತ್ತಿ ನೋಡಿ ಒಂದ್ಸಲ!

ಕ್ರಮ ಹೀಗೆ. ಸಿನಿಸ್ಟರ್ ಸ್ಟ್ರೈಕ್ 2, ಇಂಪ್ರೂವ್ಡ್ ಗೌಜ್ 3, ಡಿಫ್ಲೆಕ್ಷನ್ 5, ಲೆವೆಲ್ 20ಕ್ಕೆ ರಿಪೋಸ್ಟ್. ಆಮೇಲೆ ಪ್ರಿಸಿಶನ್ 5, ಡ್ಯುಯಲ್ ವೀಲ್ಡ್ 4. ಅಲ್ಲಿಗೆ ಲೆವೆಲ್ 29. ಮೂವತ್ತಕ್ಕೆ ಬ್ಲೇಡ್ ಫ್ಲರಿ. ಡ್ಯುಯಲ್ ವೀಲ್ಡ್‌ನ ಉಳಿದ ಒಂದು, ಕತ್ತಿಗೆ 5, ಅಗ್ರೆಶನ್ 3, ನಲವತ್ತಕ್ಕೆ ಅಡ್ರಿನಲಿನ್ ರಶ್. ಹಿಂದೆಯೇ ವೆಪನ್ ಎಕ್ಸ್‌ಪರ್ಟೀಸ್ 2. ಅಲ್ಲಿಗೆ 33. ಮಿಕ್ಕಿದ್ದು ಅಸಾಸಿನೇಶನ್‌ಗೆ, ಮೊದಲು ಮ್ಯಾಲಿಸ್.

ನಮ್ಮ ಹುಡುಗನ ಹತ್ರ ಇರೋದು 35. ಎಲ್ಲಾ ಅಳಿಸಿ ಹೊಸದಾಗಿ ಹಾಕಿದ್ರೆ ಈ ಪೂರ್ತಿ ಪಟ್ಟಿ ಮುಗಿದು ಮ್ಯಾಲಿಸ್‌ಗೂ ಎರಡು ಸಿಗುತ್ತೆ. ಆದ್ರೆ ಅವನಿಗೆ ಅಳಿಸೋ ಧೈರ್ಯ ಇರ್ಲಿಲ್ಲ. "50 ಗೋಲ್ಡ್ ಅಂತಲ್ಲಣ್ಣ, ಕುದುರೆಗೆ ಕೂಡಿಡ್ತಿದೀನಿ" ಅಂದಿದ್ದ. ಇದು ಬಹಳ ಜನರ ತಪ್ಪು ತಿಳುವಳಿಕೆ. ಐವತ್ತು ಗೋಲ್ಡ್ ಅನ್ನೋದು ಮೇಲಿನ ಮಿತಿ. ರೋಗ್ ಟ್ರೇನರ್ ಹತ್ರ ಹೋಗಿ ಮೊದಲ ಸಲ ಅಳಿಸೋಕೆ ಬರೀ 1 ಗೋಲ್ಡ್, ಎರಡನೇ ಸಲ 5, ಆಮೇಲೆ ಐದೈದು ಏರ್ತಾ 50ಕ್ಕೆ ನಿಲ್ಲುತ್ತೆ. ಕುದುರೆಗೆ ಬೇಕಿರೋದು ಹೆಚ್ಚುಕಡಿಮೆ 100. ಒಂದು ಗೋಲ್ಡ್ ಉಳಿಸೋಕೆ ಹೋಗಿ ತಿಂಗಳುಗಟ್ಟಲೆ ರಾತ್ರಿ ರೊಟ್ಟಿ ತಿಂತಾ ಕೂತಿದ್ದಾನೆ. ಹಳೇ 35 ಪಾಯಿಂಟು ಹಾಕಾಯ್ತಲ್ಲ ಅನ್ನೋ ಸಂಕಟ ಬೇರೆ. ಕಾಮರ್ಸ್‌ನಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತಾರೆ, ಹೋದದ್ದು ಲೆಕ್ಕಕ್ಕೆ ಬರಬಾರದು. ನೇರವಾಗಿ ಹೇಳ್ದೆ: ಇವತ್ತೇ ಅಳಿಸು, ಎರಡು ಕತ್ತಿ ತಗೋ, ಚಂದಾ ಮುಗಿಯೋಕೆ ಇರೋ ದಿನಗಳಲ್ಲಿ ಆಡಿ ನೋಡು, ಆಗ್ಲೂ ಬೇಸರ ಆದ್ರೆ ಬಿಡು.

ಅರವತ್ತಕ್ಕೆ ಬಂದು ರೇಡ್ ಗುಂಪು ಸೇರೋರಿಗೆ ಲೆಕ್ಕ ಬದಲಾಗುತ್ತೆ. ಆಗ 19 ಅಸಾಸಿನೇಶನ್, 32 ಕಾಂಬ್ಯಾಟ್. ಡಿಫ್ಲೆಕ್ಷನ್, ರಿಪೋಸ್ಟ್ ಹೋಗುತ್ತೆ. ಆ ಕಡೆ ಮ್ಯಾಲಿಸ್, ರೂಥ್‌ಲೆಸ್‌ನೆಸ್, ರಿಲೆಂಟ್‌ಲೆಸ್ ಸ್ಟ್ರೈಕ್ಸ್, ಲೆಥಾಲಿಟಿ ತುಂಬುತ್ತೆ. ಇಲ್ಲಿ ವೆಪನ್ ಎಕ್ಸ್‌ಪರ್ಟೀಸ್‌ನ ಎರಡು ಪಾಯಿಂಟಿನ ಬಗ್ಗೆ ಹೇಳ್ಲೇಬೇಕು. ಬಾಸ್ ಮೇಲೆ ನಿಮ್ಮ ಮಾಮೂಲಿ ಬೀಸಿನಲ್ಲಿ ಸುಮಾರು ಶೇ 40 ಜಾರು ಏಟಾಗುತ್ತೆ, ಅಂದ್ರೆ ತಾಗುತ್ತೆ, ಆದ್ರೆ ಪೂರ್ತಿ ಅಲ್ಲ. ಆಯುಧ ಕೌಶಲ 300 ಇದ್ದಾಗ ಅಂಥ ಒಂದೊಂದು ಏಟಿನಲ್ಲೂ ಸುಮಾರು ಶೇ 35 ಡ್ಯಾಮೇಜ್ ನಷ್ಟ. 305 ಆದ್ರೆ ನಷ್ಟ ಸುಮಾರು ಶೇ 15. ಈ ಐದು ಅಂಕ ಕೊಡೋದೇ ವೆಪನ್ ಎಕ್ಸ್‌ಪರ್ಟೀಸ್. ಮನುಷ್ಯ ಜಾತಿಯ ರೋಗ್‌ಗೆ ಕತ್ತಿ, ಗದೆಯಲ್ಲಿ ಹುಟ್ಟಿನಿಂದಲೇ ಆ ಐದು ಇರುತ್ತೆ, ಅದಕ್ಕೇ ರೇಡ್‌ಗಳಲ್ಲಿ ಮನುಷ್ಯ ರೋಗ್‌ಗಳ ಜಾತ್ರೆ. ಉಳಿದ ಜಾತಿಯೋರು ಈ ಎರಡು ಪಾಯಿಂಟು ಬಿಟ್ಟರೆ ಡ್ಯಾಮೇಜ್ ಪಟ್ಟಿಯಲ್ಲಿ ಕೆಳಗೆ ಕಾಣ್ತಾರೆ, ಮುಂದಿನ ವಾರ ಗುಂಪಿನಿಂದ ಕರೆ ಬರಲ್ಲ. ಇನ್ನು ರೇಡ್‌ನಲ್ಲಿ ಬಾಸ್ ಮುಖ ಟ್ಯಾಂಕ್ ಕಡೆ ಇರೋದ್ರಿಂದ ಬೆನ್ನು ನಿಮಗೇ ಸಿಗುತ್ತೆ, ಅಲ್ಲಿ ಬಾಕು ಹಿಡಿದ ಕಾಂಬ್ಯಾಟೂ ನಡೆಯುತ್ತೆ. ಒಳ್ಳೇ ಬಾಕು ಕೈಗೆ ಬಿದ್ದೋರು ಆ ಕಡೆ ಹೋಗ್ಲಿ.

ಕೊನೆಗೆ ಮೂರು ಸಣ್ಣ ಮಾತು. ಆಟ ಕಂಪ್ಯೂಟರ್‌ನಲ್ಲೇ ಆಡ್ಬೇಕು, ಆದ್ರೆ ಟ್ಯಾಲೆಂಟ್ ಕ್ಯಾಲ್ಕ್ಯುಲೇಟರ್ ಫೋನಿನ ಬ್ರೌಸರ್‌ನಲ್ಲೇ ತೆರೆಯುತ್ತೆ. ಸಂಡೂರು ಬಸ್ಸಿನಲ್ಲಿ ಕೂತು ಹತ್ತು ಸಲ ಹಾಕಿ ತೆಗೆದು ನೋಡಿ, ಅದಕ್ಕೆ ಗೋಲ್ಡ್ ಖರ್ಚಿಲ್ಲ. ಎರಡನೇದು, ಮನೇಲಿ ಆನ್‌ಲೈನ್ ಗೇಮ್ ಅಂದ್ರೆ ರಮ್ಮಿ ಅಂತ ಗಾಬರಿ ಬೀಳೋರಿಗೆ: 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದ್ದು ಹಣ ಹೂಡಿ ಹಣ ಗೆಲ್ಲೋ ಆಟಗಳನ್ನ. ತಿಂಗಳ ಚಂದಾ ಕಟ್ಟಿ ಬಾಸ್ ಹೊಡೆಯೋದು ಬೇರೆ. ಅಪ್ಪ ಅಮ್ಮಂಗೆ ಕೂರಿಸಿ ತೋರಿಸಿ. ಮೂರನೇದು, ಕಳ್ಳನ ಪಾತ್ರ ಯಾಕೆ ಆಡ್ತೀಯೋ ಅಂತ ಬೈದ್ರೆ ವಡ್ಡಾರಾಧನೆಯಲ್ಲಿ ವಿದ್ಯುಚ್ಚೋರನ ಕಥೆ ಇದೆ ಅಂತ ಹೇಳಿ. ಸಾವಿರ ವರ್ಷದ ಹಿಂದಿನ ಕನ್ನಡ ಗದ್ಯದಲ್ಲೇ ಅವನಿಗೊಂದು ಜಾಗ ಸಿಕ್ಕಿದೆ.

ಮುಂದಿನ ಸಂಚಿಕೆ ವಿಷಗಳ ಮೇಲೆ: ಯಾವ ಕೈಗೆ ಯಾವುದು ಹಚ್ಚೋದು ಅಂತ. ಹೊಸಪೇಟೆ, ಕಂಪ್ಲಿ ಕಡೆಯಿಂದ ಆಡೋರು ನಿಮ್ಮ ಪಿಂಗ್ ಎಷ್ಟು ಬರುತ್ತೆ ಅಂತ ವಾಯ್ಸ್ ನೋಟ್ ಕಳಿಸಿ, ಸರ್ವರ್ ಆಯ್ಕೆ ಬಗ್ಗೆ ಮಾತಾಡೋವಾಗ ಬೇಕಾಗುತ್ತೆ. ಬರ್ತೀನಿ.