ಪ್ರೊಬೇಷನ್ ಬೇಗ ಮುಗಿಸಬೇಕಾ? ಅರ್ಜಿ ಹಾಕೋರು ನೀವಲ್ಲ

ಪರಿಚಯದ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. ಕಾಲೇಜು ದಿನಗಳ ಹೊಡೆದಾಟದ ಕೇಸಿನಲ್ಲಿ ಅವನ ಅಪರಾಧ ಸಾಬೀತಾಗಿತ್ತು. ಕೋರ್ಟು ಜೈಲಿಗೆ ಕಳಿಸದೆ, ಮೂರು ವರ್ಷ ಸನ್ನಡತೆಯಿಂದ ಇರ್ತೀನಿ ಅಂತ ಬಾಂಡ್ ಬರೆಸಿಕೊಂಡು ಪ್ರೊಬೇಷನ್ ಮೇಲೆ ಬಿಟ್ಟಿತ್ತು. ಅರ್ಧ ಅವಧಿ ಮುಗಿದಿದೆ, ಒಂದೂ ತಕರಾರಿಲ್ಲ. ಈಗ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿದೆ. ಆದರೆ ಹೇಳಿದ ವಿಳಾಸದಲ್ಲೇ ವಾಸವಿರಬೇಕು ಅನ್ನೋದು ಷರತ್ತು. "ಅಣ್ಣಾ, ಇದನ್ನ ಇಲ್ಲಿಗೇ ಮುಗಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದಾ?"

ಅರ್ಜಿಗೆ ಅವಕಾಶವೇನೋ ಇದೆ. ಆದರೆ ಅದು ಅವನಿಗಿಲ್ಲ.

1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಒಳ್ಳೆಯ ಕಾನೂನು. ಮರಣದಂಡನೆ, ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ ಕೋರ್ಟು ಅಪರಾಧಿಯನ್ನು ಗರಿಷ್ಠ ಮೂರು ವರ್ಷದ ಬಾಂಡ್ ಮೇಲೆ ಬಿಡಬಹುದು. 21ರೊಳಗಿನವರನ್ನು ಜೈಲಿಗೆ ಕಳಿಸಬೇಕಾದರೆ ಕಾರಣವನ್ನು ಬರೆದಿಡಲೇಬೇಕು. ಎಡವಟ್ಟಿರೋದು 8ನೇ ಕಲಂನಲ್ಲಿ. ಈತನ ನಡತೆ ಚೆನ್ನಾಗಿದೆ, ಇನ್ನು ಮೇಲ್ವಿಚಾರಣೆ ಬೇಕಿಲ್ಲ ಅನ್ನಿಸಿದರೆ ಕೋರ್ಟು ಬಾಂಡನ್ನೇ ರದ್ದು ಮಾಡಬಹುದು. ಆದರೆ ಯಾರ ಅರ್ಜಿಯ ಮೇಲೆ? ಪ್ರೊಬೇಷನ್ ಆಫೀಸರ್ ಹಾಕಿದ ಅರ್ಜಿಯ ಮೇಲೆ. ಬಾಂಡ್ ಹೊತ್ತವನ ಹೆಸರು ಆ ವಾಕ್ಯದಲ್ಲಿ ಅರ್ಜಿದಾರನಾಗಿ ಬರೋದೇ ಇಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ಯೂಸರ್‌ಗೆ ಲಾಗ್‌ಔಟ್ ಬಟನ್ನೇ ಕೊಡದೆ ಅಡ್ಮಿನ್‌ಗೆ ಮಾತ್ರ ಕೊಟ್ಟ ಸಿಸ್ಟಮ್ ಇದು.

ಆಫೀಸರ್ ಆಸಕ್ತಿ ತೋರಿಸದಿದ್ದರೆ, ಅಥವಾ ಕಡತಗಳ ರಾಶಿಯಲ್ಲಿ ಮುಳುಗಿಹೋಗಿದ್ದರೆ? ಆ ಕಲಂ ಏನೂ ಹೇಳಲ್ಲ. ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಗಂಭೀರ ಅಪರಾಧದವರೂ ಒಂದು ವರ್ಷ ಕಳೆದ ಮೇಲೆ ತಾವೇ ಕೋರ್ಟನ್ನು ಕೇಳಬಹುದು. ಕೊಡೋದು ಬಿಡೋದು ಜಡ್ಜಿಗೆ ಬಿಟ್ಟಿದ್ದು, ಕೇಳೋ ಬಾಯಂತೂ ಇದೆ. ನಮ್ಮಲ್ಲೂ "ಅಥವಾ ಬಾಂಡ್ ಬರೆದುಕೊಟ್ಟವರ ಅರ್ಜಿಯ ಮೇಲೆ" ಅಂತ ಸೇರಿಸಿದರೆ ಸಾಕು. ಸಂಸತ್ತಿಗೆ ಇದು ಒಂದು ಸಾಲಿನ ಕೆಲಸ.

ಅಲ್ಲಿಯವರೆಗೆ ದಾರಿ ಆಫೀಸರ್ ಮೇಜಿನ ಮೂಲಕವೇ. ಬಾಯಿಮಾತಲ್ಲಿ ಕೇಳಬೇಡಿ. ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಕೆಲಸದ ಆಫರ್ ಲೆಟರ್, ಹೊಸ ವಿಳಾಸ, ಕೋರ್ಟು ಪರಿಹಾರ ಕೊಡಿಸಿದ್ದರೆ ಕಟ್ಟಿದ ರಸೀದಿ ಜೊತೆಗಿರಲಿ. ಮೇಲ್ವಿಚಾರಣೆಯಲ್ಲಿರುವವರಿಗೆ ಅಗತ್ಯವಿದ್ದರೆ ಕೆಲಸ ಹುಡುಕಿಕೊಡಲು ಪ್ರಯತ್ನಿಸೋದು ಕೂಡ ಆಫೀಸರ್ ಕರ್ತವ್ಯ ಅಂತ ಇದೇ ಕಾಯ್ದೆಯ 14ನೇ ಕಲಂ ಹೇಳುತ್ತೆ. ಮನವಿಯಲ್ಲಿ ಅದನ್ನು ಉಲ್ಲೇಖಿಸಿ.

ಇನ್ನೊಂದು ವಿಷಯ. ಪೂರ್ತಿ ರದ್ದೇ ಬೇಕು ಅಂತ ಹಟ ಬೇಡ. ಅವಧಿ ಕಡಿಮೆ ಮಾಡಲು, ವಾಸದ ಷರತ್ತು ಬದಲಿಸಲು ಕೂಡ 8ನೇ ಕಲಂನಲ್ಲೇ ಅವಕಾಶವಿದೆ. ಅದಕ್ಕೂ ಆಫೀಸರೇ ಅರ್ಜಿ ಹಾಕಬೇಕು. ಹೈದರಾಬಾದಿಗೆ ಹೋಗೋಕೆ ಆ ಹುಡುಗನಿಗೆ ಬೇಕಿರೋದು ಇಷ್ಟೇ. ಬದಲಾವಣೆಗೆ ಮುಂಚೆ ಜಾಮೀನುದಾರರ ಮಾತನ್ನೂ ಕೋರ್ಟು ಕೇಳಬೇಕು, ಹಾಗಾಗಿ ಜಾಮೀನು ನಿಂತ ಮಾವನಿಗೋ ಚಿಕ್ಕಪ್ಪನಿಗೋ ಮೊದಲೇ ಹೇಳಿಡಿ.

ಏನೂ ಹೇಳದೆ ಬಸ್ ಹತ್ತೋದು ಮಾತ್ರ ಬೇಡವೇ ಬೇಡ. ಷರತ್ತು ಮುರಿದದ್ದು ಮೊದಲ ಸಲವಾದರೆ ಐವತ್ತು ರೂಪಾಯಿವರೆಗೆ ದಂಡ ಹಾಕಿ ಬಿಡಬಹುದು (ಹೌದು, ಐವತ್ತೇ!). ಆದರೆ ಅಂದು ತಪ್ಪಿದ ಮೂಲ ಶಿಕ್ಷೆಯನ್ನು ಈಗ ವಿಧಿಸುವ ಅಧಿಕಾರವೂ ಕೋರ್ಟಿಗಿದೆ.

ಬಾಂಡ್ ರದ್ದಾದರೆ ಕೇಸೇ ಅಳಿಸಿಹೋಯ್ತು ಅಂದ್ಕೊಳ್ಳೋರೂ ಇದ್ದಾರೆ. ಹಾಗಿಲ್ಲ. ಅಪರಾಧ ಸಾಬೀತಾದ ಕಾರಣಕ್ಕೆ ಅಂಟಿಕೊಳ್ಳುವ ಅನರ್ಹತೆಯಿಂದ 12ನೇ ಕಲಂ ರಕ್ಷಿಸುತ್ತೆ, ನಿಜ. ಆದರೆ ಸಾಬೀತಾದದ್ದು ಹಾಗೇ ಉಳಿಯುತ್ತೆ ಅಂತ 1975ರಲ್ಲೇ ಸುಪ್ರೀಂ ಕೋರ್ಟು ರೈಲ್ವೆ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ. ಕೆಲಸದ ಫಾರ್ಮಿನಲ್ಲಿ ಈ ಪ್ರಶ್ನೆ ಬಂದರೆ "ಇಲ್ಲ" ಅಂತ ಟಿಕ್ ಮಾಡಬೇಡಿ. "ಹೌದು" ಅಂತ ಬರೆದು, ಪಕ್ಕದಲ್ಲಿ 12ನೇ ಕಲಂ ಅಂತ ಸೇರಿಸಿ, ಆದೇಶದ ಪ್ರತಿ ಲಗತ್ತಿಸಿ.